ನರ್ಸಿಂಗ್ ಸೀಟಿಗೆ ಕಮ್ಯುನಿಟಿ ಕಾಲೇಜಿನ ದಾರಿ

ಕ್ಯಾಲಿಫೋರ್ನಿಯಾದಲ್ಲಿ ನರ್ಸಿಂಗ್ ಓದಬೇಕು ಅಂದುಕೊಂಡವರಿಗೆ ಒಂದು ವಿಷಯ ಮೊದಲೇ ಗೊತ್ತಿರಬೇಕು. ಯೂನಿವರ್ಸಿಟಿಗೆ ಅಡ್ಮಿಷನ್ ಸಿಗುವುದು ಬೇರೆ, ಅದರೊಳಗಿನ ನರ್ಸಿಂಗ್ ವಿಭಾಗದಲ್ಲಿ ಸೀಟು ಸಿಗುವುದು ಬೇರೆ. ಎರಡಕ್ಕೂ ನಿಯಮಗಳು ಬೇರೆ. ಎಷ್ಟೋ ಕಡೆ ಅರ್ಜಿಗಳೂ ಬೇರೆ, ಕೊನೆಯ ದಿನಾಂಕಗಳೂ ಬೇರೆ. ಕಮ್ಯುನಿಟಿ ಕಾಲೇಜಿನಲ್ಲಿ, ಅಂದರೆ ಕಡಿಮೆ ಫೀಸಿನ ಸ್ಥಳೀಯ ಸರ್ಕಾರಿ ಕಾಲೇಜಿನಲ್ಲಿ ಎರಡು ವರ್ಷ, ಆಮೇಲೆ ಯೂನಿವರ್ಸಿಟಿಯಲ್ಲಿ ಎರಡು ವರ್ಷ ಅನ್ನುವ ಲೆಕ್ಕವನ್ನು ಇಲ್ಲಿ ಎಲ್ಲರೂ ಹೇಳುತ್ತಾರೆ. ಇತಿಹಾಸಕ್ಕೋ ಮನಶ್ಶಾಸ್ತ್ರಕ್ಕೋ ಅದು ಸರಿ ಹೊಂದಬಹುದು. ನರ್ಸಿಂಗ್‌ಗೆ ಹೊಂದುವುದು ಕಡಿಮೆ. ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿಯಲ್ಲಿ ನರ್ಸಿಂಗ್ ಇರುವ ಕ್ಯಾಂಪಸ್‌ಗಳಲ್ಲೆಲ್ಲ ಸೀಟಿಗಿಂತ ಅರ್ಜಿಗಳೇ ಜಾಸ್ತಿ.

ನಾನು ಸಾಗರ ತಾಲ್ಲೂಕಿನವಳು. ಶಿವಮೊಗ್ಗದಲ್ಲಿ ಬಿ.ಎಸ್ಸಿ. ಓದುತ್ತಿದ್ದಾಗಲೇ ಮದುವೆಯಾಯಿತು. ಡಿಗ್ರಿ ಅರ್ಧಕ್ಕೆ ನಿಂತಿತು. ಗಂಡನ ಜೊತೆ ಎಚ್-4 ವೀಸಾದಲ್ಲಿ, ಅಂದರೆ ಕೆಲಸದ ವೀಸಾ ಇರುವವರ ಸಂಗಾತಿಗೆ ಸಿಗುವ ವೀಸಾದಲ್ಲಿ, ಸಾನ್ ಹೋಸೆಗೆ ಬಂದೆ. ನರ್ಸಿಂಗ್ ಆಸೆ ಇಲ್ಲಿಗೆ ಬಂದ ಮೇಲೆ ಹುಟ್ಟಿದ್ದಲ್ಲ. 2019ರ ಶುರುವಿನಲ್ಲಿ ನಮ್ಮ ತಾಲ್ಲೂಕಿನ ಅರಳಗೋಡು ಸುತ್ತಮುತ್ತ ಮಂಗನ ಕಾಯಿಲೆ ಹಬ್ಬಿತ್ತು. ಸಾವುಗಳಾದವು. ಜ್ವರ ಬಂದವರನ್ನು ಮಣಿಪಾಲದವರೆಗೆ ಕರೆದುಕೊಂಡು ಹೋಗಬೇಕಾಯಿತು. ಆ ದಿನಗಳಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ಸಿಸ್ಟರ್, ಆಶಾ ಕಾರ್ಯಕರ್ತೆಯರು ಮನೆಮನೆಗೆ ಬರುತ್ತಿದ್ದರು. ಉಣುಗು ಹತ್ತದಂತೆ ಮೈಗೆ ಹಚ್ಚಿಕೊಳ್ಳಲು ಎಣ್ಣೆ ಕೊಡುತ್ತಿದ್ದರು. ಲಸಿಕೆ ಹಾಕಿಸಿಕೊಳ್ಳಿ ಅನ್ನುತ್ತಿದ್ದರು. ಕಾಡಿಗೆ ಹೋಗಿ ಬಂದವರಿಗೆ ಉಣುಗು ಹತ್ತಿದೆಯಾ ನೋಡಿಕೊಳ್ಳಿ, ಮಂಗ ಸತ್ತು ಬಿದ್ದಿದ್ದು ಕಂಡರೆ ತಿಳಿಸಿ ಅನ್ನುತ್ತಿದ್ದರು. ಡಾಕ್ಟರ ಹತ್ತಿರ ಹೋಗಲು ಹೆದರುವ ಮುದುಕಿಯರು ಕೂಡ ಆ ಸಿಸ್ಟರ್ ಮಾತನ್ನು ಕೇಳುತ್ತಿದ್ದರು. ಆ ಕೆಲಸ ನನ್ನ ಮನಸ್ಸಿನಲ್ಲಿ ಗಟ್ಟಿಯಾಗಿ ಕೂತುಬಿಟ್ಟಿತು.

ಫೋನಿನಲ್ಲಿ ಹೇಳಿದಾಗ ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಚಿಕ್ಕಮ್ಮ ಮಾತ್ರ, "ಅಮೆರಿಕಕ್ಕೆ ಹೋಗಿ ನರ್ಸ್ ಆಗ್ತೀಯಾ? ಕಂಪ್ಯೂಟರ್ ಕೋರ್ಸ್ ಮಾಡೋದಲ್ವಾ?" ಅಂದಳು. ಬೇಸರವಾಯಿತು. ನಮ್ಮ ಕಡೆ ಕಾಯಿಲೆ ಬಿದ್ದಾಗ ನರ್ಸ್ ಬೇಕು, ಮನೆ ಮಗಳು ನರ್ಸ್ ಆಗುವುದು ಬೇಡ. ಇದು ಬದಲಾಗಬೇಕು. ಸುಮ್ನೆ ಹೇಳುತ್ತಿಲ್ಲ, ಮನಸ್ಸಿನಿಂದ ಹೇಳುತ್ತಿದ್ದೇನೆ. ಅತ್ತೆ ಮಾತ್ರ ಮೊದಲ ದಿನದಿಂದಲೂ ನನ್ನ ಪರ. ಅವರ ಹಿಪ್ ಆಪರೇಷನ್ ಆದಾಗ ರಾತ್ರಿಯೆಲ್ಲ ಎದ್ದಿದ್ದು ಯಾರು ಅಂತ ಅವರಿಗೆ ನೆನಪಿದೆ.

ಮೊದಲ ಪ್ರಶ್ನೆ, ಯಾವ ಡಿಗ್ರಿ? ಇಲ್ಲಿ ರಿಜಿಸ್ಟರ್ಡ್ ನರ್ಸ್ ಆಗಲು ಎರಡು ಸಾಮಾನ್ಯ ದಾರಿಗಳಿವೆ. ಕಮ್ಯುನಿಟಿ ಕಾಲೇಜಿನಲ್ಲೇ ಎಡಿಎನ್ ಅನ್ನುವ ಅಸೋಸಿಯೇಟ್ ಡಿಗ್ರಿ ಮಾಡಬಹುದು. ಇಲ್ಲವೇ ಯೂನಿವರ್ಸಿಟಿಯಲ್ಲಿ ಬಿಎಸ್‌ಎನ್ ಅನ್ನುವ ಬ್ಯಾಚುಲರ್ ಡಿಗ್ರಿ ಮಾಡಬಹುದು. ಎರಡೂ ಕಡೆಯವರು ಬರೆಯುವುದು ಒಂದೇ ಎನ್‌ಕ್ಲೆಕ್ಸ್ ಪರೀಕ್ಷೆ, ಸಿಗುವುದು ಒಂದೇ ಲೈಸೆನ್ಸ್. ಎಡಿಎನ್ ಕಡಿಮೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಒಳ್ಳೊಳ್ಳೆ ನರ್ಸ್‌ಗಳು ಅಲ್ಲಿಂದ ಬಂದಿದ್ದಾರೆ. ಮೊದಲು ಎಡಿಎನ್ ಮುಗಿಸಿ, ಕೆಲಸ ಮಾಡುತ್ತಾ ಆಮೇಲೆ ಬಿಎಸ್‌ಎನ್ ಮಾಡಿಕೊಳ್ಳುವವರೂ ತುಂಬ ಜನ. ಎಡಿಎನ್‌ಗೂ ಸುಲಭವಾಗಿ ಸೀಟು ಸಿಗುವುದಿಲ್ಲ. ಕೆಲವು ಕಾಲೇಜುಗಳು ಲಾಟರಿ ಎತ್ತುತ್ತವೆ, ಕೆಲವು ಅಂಕ ಲೆಕ್ಕ ಹಾಕುತ್ತವೆ. 2024ರಲ್ಲಿ ಕೆಲವು ಕಮ್ಯುನಿಟಿ ಕಾಲೇಜುಗಳಲ್ಲೇ ಬಿಎಸ್‌ಎನ್ ಕೊಡುವ ಪ್ರಯೋಗಕ್ಕೆ ಇಲ್ಲಿನ ಶಾಸನಸಭೆ ಒಪ್ಪಿತ್ತು. ಗವರ್ನರ್ ಗ್ಯಾವಿನ್ ನ್ಯೂಸಮ್ ಸಹಿ ಹಾಕಲಿಲ್ಲ, ವೀಟೋ ಮಾಡಿದರು. ಆ ಸುದ್ದಿ ಬಂದ ದಿನ ನಮ್ಮ ಓದಿನ ಗುಂಪಿನಲ್ಲಿ ಎಲ್ಲರ ಮುಖವೂ ಬಾಡಿತ್ತು.

ನಾನು ಬಿಎಸ್‌ಎನ್ ಆರಿಸಿಕೊಂಡಿದ್ದಕ್ಕೆ ಕಾರಣ ಅರಳಗೋಡೇ. ಕ್ಯಾಲಿಫೋರ್ನಿಯಾದಲ್ಲಿ ಪಬ್ಲಿಕ್ ಹೆಲ್ತ್ ನರ್ಸ್ ಅನ್ನುವ ಪ್ರತ್ಯೇಕ ಸರ್ಟಿಫಿಕೇಟ್ ಇದೆ. ಅದಕ್ಕೆ ಬ್ಯಾಚುಲರ್ ಡಿಗ್ರಿ ಬೇಕು. ಕೌಂಟಿಯ ಆರೋಗ್ಯ ಇಲಾಖೆಯಲ್ಲಿ ಕ್ಷಯ ರೋಗಿಗಳನ್ನು ಹುಡುಕಿಕೊಂಡು ಹೋಗುವವರು, ಬಾಣಂತಿಯರ ಮನೆಗೆ ಹೋಗುವವರು, ರೋಗ ಹಬ್ಬಿದಾಗ ಜಾಡು ಹಿಡಿಯುವವರು ಇವರೇ. ಊರಲ್ಲಿ ನಾನು ನೋಡಿದ ಸಿಸ್ಟರ್ ಕೆಲಸಕ್ಕೆ ಇಲ್ಲಿ ಹತ್ತಿರವಿರುವುದು ಇದೇ.

ಊರಲ್ಲೇ ನರ್ಸಿಂಗ್ ಮುಗಿಸಿ ಬಂದವರು ಈ ಬರಹ ಓದುತ್ತಿದ್ದರೆ, ನಿಮ್ಮ ದಾರಿ ಬೇರೆ. ನಿಮ್ಮ ದಾಖಲೆಗಳ ಪರಿಶೀಲನೆಯಾಗಿ, ಏನೂ ಕೊರತೆ ಇಲ್ಲದಿದ್ದರೆ ನೇರವಾಗಿ ಎನ್‌ಕ್ಲೆಕ್ಸ್ ಬರೆಯಬಹುದು. ಮತ್ತೆ ಕಾಲೇಜಿಗೆ ಸೇರುವ ಮೊದಲು ಅದನ್ನು ವಿಚಾರಿಸಿ.

ನನಗೆ ಸರಿಯಾದ ಯೋಜನೆ ಹೇಳಿಕೊಟ್ಟಿದ್ದು ಉಡುಪಿ ಕಡೆಯ ಒಬ್ಬ ಅಕ್ಕ. ಇಲ್ಲಿನ ಆಸ್ಪತ್ರೆಯೊಂದರಲ್ಲಿ ಬಹಳ ವರ್ಷದಿಂದ ನರ್ಸ್. ಕನ್ನಡ ಕೂಟದ ಯುಗಾದಿ ಊಟದಲ್ಲಿ ಸಿಕ್ಕಿದ್ದರು. ಕಮ್ಯುನಿಟಿ ಕಾಲೇಜಿನಲ್ಲಿ ಯಾವ ಕ್ಲಾಸ್ ತೆಗೆದುಕೊಳ್ಳಲಿ ಅಂತ ಕೇಳಿದೆ. "ಆ ಪಟ್ಟಿ ಆಮೇಲೆ ನೋಡು ಮಾರಾಯ್ತಿ. ಎಲ್ಲಿಗೆ ಅರ್ಜಿ ಹಾಕ್ತಿ, ಮೊದಲು ಅದು ಬರಿ. ಅವರು ಏನು ಕೇಳ್ತಾರೆ, ಅದರಿಂದ ಹಿಂದಕ್ಕೆ ಬಾ" ಅಂದರು. ಹಾಗೇ ಮಾಡಿದೆ. ಕಾರಿನಲ್ಲಿ ದಿನಾ ಹೋಗಿ ಬರಬಹುದಾದ ಕ್ಯಾಂಪಸ್‌ಗಳನ್ನೂ, ಸೀಟು ಸಿಕ್ಕರೆ ಮನೆ ಬದಲಿಸಲು ಗಂಡ ಒಪ್ಪಿದ ಇನ್ನೆರಡು ಊರುಗಳ ಕ್ಯಾಂಪಸ್‌ಗಳನ್ನೂ ಬರೆದುಕೊಂಡೆ. ಒಂದೊಂದಕ್ಕೂ ಒಂದು ಕಾಲಂ. ಯಾವ ಕೋರ್ಸ್, ಎಷ್ಟು ಯೂನಿಟ್ (ಕ್ರೆಡಿಟ್‌ಗೆ ಇಲ್ಲಿನ ಹೆಸರು), ಲ್ಯಾಬ್ ಬೇಕಾ, ಕನಿಷ್ಠ ಗ್ರೇಡ್ ಏನು, ಎಷ್ಟು ವರ್ಷ ಹಳೆಯದು ನಡೆಯುತ್ತದೆ, ಒಮ್ಮೆ ಕಡಿಮೆ ಗ್ರೇಡ್ ಬಂದರೆ ಮತ್ತೆ ತೆಗೆದುಕೊಳ್ಳಬಹುದಾ, ಯಾವ ಸೆಮಿಸ್ಟರ್ ಒಳಗೆ ಮುಗಿದಿರಬೇಕು.

ಆ ಹಾಳೆ ತುಂಬಿದಾಗಲೇ ಗೊತ್ತಾಗಿದ್ದು, ಒಂದು ಕ್ಯಾಂಪಸ್‌ನಂತೆ ಇನ್ನೊಂದಿಲ್ಲ. ಅನಾಟಮಿ, ಫಿಸಿಯಾಲಜಿ, ಮೈಕ್ರೋಬಯಾಲಜಿ, ಕೆಮಿಸ್ಟ್ರಿ, ಸ್ಟ್ಯಾಟಿಸ್ಟಿಕ್ಸ್, ಇಂಗ್ಲಿಷ್ ಬರವಣಿಗೆ, ಭಾಷಣ, ಕ್ರಿಟಿಕಲ್ ಥಿಂಕಿಂಗ್ ಹೆಚ್ಚು ಕಡಿಮೆ ಎಲ್ಲ ಕಡೆಯೂ ಬೇಕು. ಒಂದು ಕಡೆ ನ್ಯೂಟ್ರಿಷನ್ ಕೂಡ ಬೇಕು, ಇನ್ನೊಂದು ಕಡೆ ಮಗುವಿನಿಂದ ಮುಪ್ಪಿನವರೆಗಿನ ಬೆಳವಣಿಗೆಯ ಕೋರ್ಸ್ ಬೇಕು. ವಿಜ್ಞಾನದ ಕೋರ್ಸ್‌ಗಳು ಇಷ್ಟೇ ವರ್ಷಗಳೊಳಗೆ ಮಾಡಿರಬೇಕು ಅನ್ನುವ ಕಡೆಗಳಿವೆ. ಒಂದು ಕೋರ್ಸನ್ನು ಒಮ್ಮೆ ಮಾತ್ರ ರಿಪೀಟ್ ಮಾಡಬಹುದು ಅನ್ನುವ ಕಡೆಗಳಿವೆ. ಮೊದಲ ಸೆಮಿಸ್ಟರ್‌ಗೆ ಹೆಸರು ಕೊಡುವ ಮುಂಚೆಯೇ ಇದೆಲ್ಲ ಗೊತ್ತಿದ್ದರೆ ಎಷ್ಟೋ ಸಮಯ, ದುಡ್ಡು ಉಳಿಯುತ್ತದೆ.

ನಮ್ಮ ಕಾಲೇಜಿನ ಯಾವ ಕೋರ್ಸ್ ಯೂನಿವರ್ಸಿಟಿಯ ಯಾವ ಕೋರ್ಸಿಗೆ ಸಮ ಅಂತ ತೋರಿಸಲು ಅಸಿಸ್ಟ್ ಅನ್ನುವ ಅಧಿಕೃತ ವೆಬ್‌ಸೈಟ್ ಇದೆ. ಕ್ಯಾಲಿಫೋರ್ನಿಯಾದ ಸರ್ಕಾರಿ ಕಾಲೇಜು, ಯೂನಿವರ್ಸಿಟಿಗಳ ಒಪ್ಪಂದಗಳೆಲ್ಲ ಅದರಲ್ಲಿವೆ. ಮಾಹಿತಿಯೆಲ್ಲ ಉಚಿತ. ಕಾಲೇಜಿನ ಕೌನ್ಸೆಲರ್ ಒಬ್ಬರು ನನಗೆ ಲ್ಯಾಬ್ ಇಲ್ಲದ ಕೆಮಿಸ್ಟ್ರಿ ಸಾಕು, ಸುಲಭ ಅಂದಿದ್ದರು. ನನ್ನ ಹಾಳೆಯಲ್ಲಿದ್ದ ಕ್ಯಾಂಪಸ್‌ಗಳಿಗೆ ಲ್ಯಾಬ್ ಇರುವ ಕೋರ್ಸೇ ಬೇಕಿತ್ತು. ಅಸಿಸ್ಟ್ ಪುಟವನ್ನು ಪ್ರಿಂಟ್ ಮಾಡಿ ತೋರಿಸಿದೆ. ಅವರು ನೋಡಲೂ ಇಲ್ಲ, "ಸಾಮಾನ್ಯವಾಗಿ ಇದೇ ನಡೆಯುತ್ತೆ" ಅಂದರು. ಬೇರೊಬ್ಬ ಕೌನ್ಸೆಲರ್ ಬಳಿ ಹೋದೆ. ಅವರು ತಾಳ್ಮೆಯಿಂದ ಕೂತು ನನ್ನ ಕಾಲಂಗಳನ್ನೆಲ್ಲ ಓದಿ, ಸೆಮಿಸ್ಟರ್‌ವಾರು ಯೋಜನೆ ಹಾಕಿಕೊಟ್ಟರು. ಕೌನ್ಸೆಲರ್‌ಗಳ ಹತ್ತಿರ ಹೋಗಲೇಬೇಕು, ಆದರೆ ನಿಮ್ಮ ಹಾಳೆ ನಿಮ್ಮ ಕೈಯಲ್ಲಿರಬೇಕು. ಯೂನಿವರ್ಸಿಟಿಯ ನರ್ಸಿಂಗ್ ವಿಭಾಗಗಳು ಆಗಾಗ ಮಾಹಿತಿ ಸಭೆ ನಡೆಸುತ್ತವೆ. ಅಲ್ಲಿ ಕೇಳಿದ ಪ್ರಶ್ನೆಗೆ ಸಿಗುವ ಉತ್ತರದ ಬೆಲೆಯೇ ಬೇರೆ.

ಯೂನಿಟ್ ಲೆಕ್ಕದಲ್ಲಿ ಒಂದು ಸಣ್ಣ ವಿಷಯವಿದೆ. ಕಮ್ಯುನಿಟಿ ಕಾಲೇಜಿನಿಂದ ಯೂನಿವರ್ಸಿಟಿಗೆ ಟ್ರಾನ್ಸ್‌ಫರ್ ಆಗಲು 60 ಸೆಮಿಸ್ಟರ್ ಯೂನಿಟ್ ಬೇಕು. ಕ್ಯುಪರ್ಟಿನೋದ ಡಿ ಆಂಜಾ, ಅದರ ಜೊತೆಯ ಫುಟ್‌ಹಿಲ್ ಕಾಲೇಜುಗಳು ಸೆಮಿಸ್ಟರ್ ಬದಲು ಅದಕ್ಕಿಂತ ಚಿಕ್ಕ ಅವಧಿಯ ಕ್ವಾರ್ಟರ್ ಲೆಕ್ಕದಲ್ಲಿ ನಡೆಯುತ್ತವೆ. ಅಲ್ಲಿ ಅದೇ 60ಕ್ಕೆ 90 ಕ್ವಾರ್ಟರ್ ಯೂನಿಟ್ ಆಗುತ್ತದೆ. ನನ್ನದು ಸೆಮಿಸ್ಟರ್ ಕಾಲೇಜು. ಎರಡೂ ಕಡೆ ಕ್ಲಾಸ್ ತೆಗೆದುಕೊಳ್ಳುವವರು ಈ ಗುಣಾಕಾರ ಮರೆಯಬಾರದು. ಇಂಗ್ಲಿಷ್ ಬರವಣಿಗೆ, ಭಾಷಣ, ಕ್ರಿಟಿಕಲ್ ಥಿಂಕಿಂಗ್, ಗಣಿತ ಇವು ನಾಲ್ಕನ್ನು ಇಲ್ಲಿ ಗೋಲ್ಡನ್ ಫೋರ್ ಅನ್ನುತ್ತಾರೆ. ಇವು ಮುಗಿಯದೆ ಸ್ಟೇಟ್ ಯೂನಿವರ್ಸಿಟಿಯ ಬಾಗಿಲು ತೆರೆಯುವುದೇ ಇಲ್ಲ. 2025ರ ಫಾಲ್‌ನಿಂದ (ಆಗಸ್ಟ್-ಸೆಪ್ಟೆಂಬರ್‌ನಲ್ಲಿ ತೆರೆಯುವ ಅವಧಿ) ಶುರು ಮಾಡುವವರಿಗೆ ಸಾಮಾನ್ಯ ಶಿಕ್ಷಣದ, ಅಂದರೆ ಯಾವ ಡಿಗ್ರಿಯಾದರೂ ಎಲ್ಲರೂ ಓದಬೇಕಾದ ವಿಷಯಗಳ, ಹಳೆಯ ಎರಡು ಪಟ್ಟಿಗಳ ಬದಲು ಕ್ಯಾಲ್-ಗೆಟ್ಸಿ ಅನ್ನುವ ಒಂದೇ ಪಟ್ಟಿ ಬಂದಿದೆ. ಹಳಬರು ಹೇಳುವ ಪಟ್ಟಿ ನಿಮ್ಮದಲ್ಲದಿರಬಹುದು.

ದುಡ್ಡಿನ ಮಾತು. ಕಮ್ಯುನಿಟಿ ಕಾಲೇಜಿನಲ್ಲಿ ರಾಜ್ಯದ ನಿವಾಸಿಗಳಿಗೆ ಒಂದು ಯೂನಿಟ್‌ಗೆ 46 ಡಾಲರ್. ನಿವಾಸಿ ಅನ್ನಿಸಿಕೊಳ್ಳಲು ಕ್ಲಾಸ್ ಶುರುವಾಗುವ ಮುಂಚೆ ಒಂದು ವರ್ಷ ಒಂದು ದಿನ ಇಲ್ಲೇ ನೆಲೆಸಿರಬೇಕು. ಎಚ್-4 ಇರುವವರೂ ನಿವಾಸಿ ಅಂತ ತೋರಿಸಿಕೊಳ್ಳಬಹುದು. ಬಾಡಿಗೆ ಕರಾರು, ಡ್ರೈವಿಂಗ್ ಲೈಸೆನ್ಸ್, ತೆರಿಗೆ ಕಾಗದ ಎಲ್ಲ ಜೋಡಿಸಿಟ್ಟುಕೊಳ್ಳಿ. ಸ್ಟೇಟ್ ಯೂನಿವರ್ಸಿಟಿಯಲ್ಲಿ 2025-26ಕ್ಕೆ ಫುಲ್ ಟೈಮ್ ಓದಿನ ಬೋಧನಾ ಶುಲ್ಕ ವರ್ಷಕ್ಕೆ 6,450 ಡಾಲರ್, ಅದರ ಮೇಲೆ ಕ್ಯಾಂಪಸ್ ಫೀಸ್. ಖಾಸಗಿ ನರ್ಸಿಂಗ್ ಕಾಲೇಜುಗಳಲ್ಲಿ ಪೂರ್ತಿ ಓದಿಗೆ ಲಕ್ಷ ಡಾಲರ್ ದಾಟುವ ಕಡೆಗಳೂ ಇವೆ. ಕೇಂದ್ರ ಸರ್ಕಾರದ ಶಿಕ್ಷಣ ನೆರವು ಎಚ್-4 ಇರುವವರಿಗೆ ಸಿಗುವುದಿಲ್ಲ. ಹಾಗಾಗಿ ನಮ್ಮ ಮನೆಯಲ್ಲಿ ಪ್ರತಿ ಸೆಮಿಸ್ಟರ್ ಫೀಸನ್ನೂ ಸಂಬಳದಲ್ಲೇ ಹೊಂದಿಸಿದೆವು. ಗಂಡ ಹೊಸ ಕಾರಿನ ಯೋಚನೆ ಬಿಟ್ಟರು.

ಈಗ ಓದಿನ ಬಗ್ಗೆ ಹೇಳಬೇಕು. ಇದರ ಬಗ್ಗೆ ಹೇಳಲು ನನಗೆ ಖುಷಿ.

ಅನಾಟಮಿ ಲ್ಯಾಬ್‌ನಲ್ಲಿ ಬೆಕ್ಕಿನ ಡಿಸೆಕ್ಷನ್ ಇತ್ತು. ಮೊಟ್ಟೆಯೂ ಒಳಗೆ ಬರದ ಮನೆಯಲ್ಲಿ ಬೆಳೆದವಳು ನಾನು. ಮೊದಲ ವಾರ ಮನೆಗೆ ಬಂದು ಊಟ ಸೇರಲಿಲ್ಲ. ಆದರೆ ಸ್ನಾಯುವಿನ ಪದರವನ್ನು ಒಂದೊಂದಾಗಿ ಬಿಡಿಸುತ್ತಾ ಹೋದಂತೆ ಕುತೂಹಲ ಹೆಚ್ಚಿತು, ಅಸಹ್ಯ ಹೋಯಿತು. ಪ್ರತಿ ಸ್ನಾಯುವಿನ ಹೆಸರು, ಅದು ಎಲ್ಲಿ ಹುಟ್ಟಿ ಎಲ್ಲಿ ಸೇರುತ್ತದೆ, ಯಾವ ನರ ಅದಕ್ಕೆ ಹೋಗುತ್ತದೆ ಅಂತ ನೆನಪಿಡಬೇಕು. ಜೊತೆಗೆ 206 ಮೂಳೆಗಳು. ಅಡುಗೆ ಮಾಡುವಾಗ ಹೆಸರುಗಳನ್ನು ಬಾಯಿಪಾಠ ಮಾಡುತ್ತಿದ್ದೆ. ಚಿಕ್ಕಂದಿನಲ್ಲಿ ಮಗ್ಗಿ ಹೇಳಿದ ಅಭ್ಯಾಸ ಇಲ್ಲಿ ಕೆಲಸಕ್ಕೆ ಬಂತು.

ಫಿಸಿಯಾಲಜಿ ಬಾಯಿಪಾಠಕ್ಕೆ ಬಗ್ಗುವುದಿಲ್ಲ. ಜೀವಕೋಶದ ಪಂಪ್ ಮೂರು ಸೋಡಿಯಂ ಹೊರಗೆ ಹಾಕಿ ಎರಡು ಪೊಟ್ಯಾಸಿಯಂ ಒಳಗೆ ಎಳೆದುಕೊಳ್ಳುತ್ತದೆ ಅನ್ನುವುದು ಒಂದು ಸಾಲು. ಅದರಿಂದ ನರದಲ್ಲಿ ಸಂದೇಶ ಹೇಗೆ ಓಡುತ್ತದೆ, ಪೊಟ್ಯಾಸಿಯಂ ಏರುಪೇರಾದರೆ ಹೃದಯ ಯಾಕೆ ತಪ್ಪು ಬಡಿಯುತ್ತದೆ ಅಂತ ಬಿಡಿಸಿ ಹೇಳಲು ಬಂದರೆ ಮಾತ್ರ ಪರೀಕ್ಷೆ ಪಾಸ್. ನಮ್ಮ ಓದಿನ ಗುಂಪಿನಲ್ಲಿ ಒಬ್ಬ ಫಿಲಿಪೀನ್ಸ್ ಹುಡುಗ, ಒಬ್ಬ ವಿಯೆಟ್ನಾಂ ಹುಡುಗಿ, ಇಬ್ಬರು ಮಕ್ಕಳಿರುವ ಒಬ್ಬ ಮೆಕ್ಸಿಕನ್ ಅಕ್ಕ ಇದ್ದರು. ಲೈಬ್ರರಿಯ ವೈಟ್‌ಬೋರ್ಡ್ ಮುಂದೆ ಸರದಿಯಂತೆ ನಿಂತು ಒಬ್ಬರಿಗೊಬ್ಬರು ಪಾಠ ಮಾಡಿದೆವು. ಕಿಡ್ನಿಯನ್ನು ಆ ಹುಡುಗಿ ವಿವರಿಸಿದಂತೆ ಪುಸ್ತಕವೂ ವಿವರಿಸಲಿಲ್ಲ.

ಮೈಕ್ರೋಬಯಾಲಜಿ ನನ್ನ ಪ್ರೀತಿಯ ಕ್ಲಾಸ್. ಪ್ರತಿಯೊಬ್ಬರಿಗೂ ಹೆಸರಿಲ್ಲದ ಬ್ಯಾಕ್ಟೀರಿಯಾದ ಒಂದು ಟ್ಯೂಬ್ ಕೊಟ್ಟು, ಇದು ಯಾವುದು ಕಂಡುಹಿಡಿಯಿರಿ ಅನ್ನುತ್ತಾರೆ. ಮೊದಲು ಗ್ರಾಮ್ ಸ್ಟೇನ್ ಅನ್ನುವ ಬಣ್ಣದ ಪರೀಕ್ಷೆ: ಕ್ರಿಸ್ಟಲ್ ವಯೊಲೆಟ್, ಅಯೋಡಿನ್, ಆಲ್ಕೋಹಾಲ್, ಸ್ಯಾಫ್ರನಿನ್. ನೇರಳೆ ಉಳಿದರೆ ಗ್ರಾಮ್ ಪಾಸಿಟಿವ್, ಗುಲಾಬಿ ಕಂಡರೆ ನೆಗೆಟಿವ್. ಆಲ್ಕೋಹಾಲ್ ಒಂದು ಕ್ಷಣ ಹೆಚ್ಚು ಹರಿದರೂ ಬಣ್ಣ ಸುಳ್ಳು ಹೇಳುತ್ತದೆ. ನನ್ನದು ಗುಲಾಬಿ ಬಂತು. ಮ್ಯಾಕ್‌ಕಾಂಕಿ ಪ್ಲೇಟ್ ಮೇಲೆ ಬೆಳೆಸಿದಾಗ ಕಾಲೊನಿಗಳೂ ಗುಲಾಬಿಯಾದವು. ಅಂದರೆ ಲ್ಯಾಕ್ಟೋಸ್, ಅಂದರೆ ಹಾಲಿನ ಸಕ್ಕರೆ ತಿನ್ನುವಂಥದ್ದು. ಹೀಗೆ ಒಂದೊಂದೇ ಪರೀಕ್ಷೆಯಿಂದ ಪಟ್ಟಿ ಚಿಕ್ಕದಾಗುತ್ತಾ ಹೋಗಿ ಕೊನೆಗೆ ಒಂದೇ ಹೆಸರು ಉಳಿಯುವಾಗ ಸಿಗುವ ಸಂತೋಷ ದೊಡ್ಡದು.

ಅದೇ ಕ್ಲಾಸಿನಲ್ಲಿ ಒಂದು ಕಾಯಿಲೆಯ ಬಗ್ಗೆ ಎಲ್ಲರ ಮುಂದೆ ಮಾತನಾಡಬೇಕಿತ್ತು. ನಾನು ಆರಿಸಿಕೊಂಡಿದ್ದು ಕ್ಯಾಸನೂರು ಕಾಡಿನ ಕಾಯಿಲೆ, ಅಂದರೆ ನಮ್ಮ ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ವೈರಸ್, ಡೆಂಗ್ಯೂ ವೈರಸ್‌ನ ಕುಟುಂಬದ್ದೇ. ಉಣುಗಿನಿಂದ ಹರಡುತ್ತದೆ, ಮೊದಲು ಮಂಗಗಳು ಸಾಯುತ್ತವೆ. ನಮ್ಮ ಪ್ರೊಫೆಸರ್ ಪುಸ್ತಕದಲ್ಲಿ ಮಾತ್ರ ಓದಿದ್ದರು. ಕಾಡಿಗೆ ಹೋಗದಿರಿ ಅಂದರೆ ಸೌದೆ ಯಾರು ತರುತ್ತಾರೆ, ಕೊಟ್ಟಿಗೆಗೆ ಸೊಪ್ಪು ಯಾರು ತರುತ್ತಾರೆ ಅನ್ನುವುದು ಪುಸ್ತಕದಲ್ಲಿ ಇರಲಿಲ್ಲ. ಅದನ್ನು ನಾನು ಹೇಳಿದೆ. ಮಾತು ಮುಗಿದ ಮೇಲೆ ಪ್ರಶ್ನೆಗಳು ನಿಲ್ಲಲೇ ಇಲ್ಲ. ಮುಂದೆ ಅರ್ಜಿಯಲ್ಲಿ ನಾನ್ಯಾಕೆ ನರ್ಸ್ ಆಗಬೇಕು ಅಂತ ಬರೆಯುವಾಗ ಆ ಮಾತೇ ನನ್ನ ಪ್ರಬಂಧವಾಯಿತು.

ನಡುವೆ ಸಿಎನ್‌ಎ, ಅಂದರೆ ನರ್ಸ್‌ಗೆ ಸಹಾಯಕರಾಗುವ ತರಬೇತಿಯನ್ನೂ ಮುಗಿಸಿದೆ. ಕ್ಯಾಲಿಫೋರ್ನಿಯಾದಲ್ಲಿ ಅದಕ್ಕೆ 60 ಗಂಟೆ ಪಾಠ, 100 ಗಂಟೆ ರೋಗಿಗಳ ಜೊತೆ ಕೆಲಸ. ಅಷ್ಟರಲ್ಲಿ ನನಗೆ ಕೆಲಸದ ಪರವಾನಗಿ ಬಂದಿತ್ತು, ವಾರಾಂತ್ಯದಲ್ಲಿ ವೃದ್ಧರ ಆರೈಕೆ ಕೇಂದ್ರವೊಂದರಲ್ಲಿ ಸೇರಿದೆ. ಹಾಸಿಗೆ ಹಿಡಿದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಇಲ್ಲದಿದ್ದರೆ ಹುಣ್ಣಾಗುತ್ತದೆ. ಸ್ನಾನ, ಊಟ, ಬಿಪಿ, ಜ್ವರ ನೋಡುವುದು. ಸೊಂಟ ನೋಯುವ ಕೆಲಸ. ನರ್ಸಿಂಗ್ ಬೇಕಾ ಬೇಡವಾ ಅನ್ನುವ ಅನುಮಾನ ಇರುವವರು ಮೊದಲು ಇದನ್ನು ಮಾಡಿ ನೋಡಲಿ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಕೆಲವು ಕ್ಯಾಂಪಸ್‌ಗಳಲ್ಲಿ ಈ ಅನುಭವಕ್ಕೆ ಅಂಕವೂ ಇದೆ.

ಅರ್ಜಿಯ ಕಾಲ ಅಕ್ಟೋಬರ್. ಮುಂದಿನ ಫಾಲ್‌ಗೆ ಸ್ಟೇಟ್ ಯೂನಿವರ್ಸಿಟಿಯ ಅರ್ಜಿ ಅಕ್ಟೋಬರ್ 1ಕ್ಕೆ ತೆರೆದು ನವೆಂಬರ್ ಕೊನೆ, ಡಿಸೆಂಬರ್ ಮೊದಲ ದಿನಗಳವರೆಗೆ ಇರುತ್ತದೆ. ಒಂದೊಂದು ಕ್ಯಾಂಪಸ್‌ಗೂ 70 ಡಾಲರ್. ಮುಗಿದ ಕೋರ್ಸ್, ನಡೆಯುತ್ತಿರುವ ಕೋರ್ಸ್, ಮುಂದೆ ಮಾಡುವ ಕೋರ್ಸ್ ಎಲ್ಲವನ್ನೂ ಟ್ರಾನ್ಸ್‌ಕ್ರಿಪ್ಟ್‌ನಲ್ಲಿ ಇದ್ದಂತೆಯೇ ತುಂಬಬೇಕು. ಶಿವಮೊಗ್ಗದ ಅಂಕಪಟ್ಟಿಗಳನ್ನೂ ಮುಚ್ಚಿಡುವಂತಿಲ್ಲ. ಓದು ಅರ್ಧಕ್ಕೆ ನಿಂತಿದ್ದರೂ ತೋರಿಸಬೇಕು, ವಿದೇಶಿ ಅಂಕಪಟ್ಟಿ ಪರಿಶೀಲಿಸುವ ಸಂಸ್ಥೆಯಿಂದ ವರದಿ ತರಿಸಬೇಕು. ಇದಕ್ಕೆ ತಿಂಗಳುಗಳು ಹಿಡಿಯುತ್ತವೆ. ಊರಲ್ಲಿರುವ ತಮ್ಮನನ್ನು ಕಾಲೇಜಿಗೂ ಯೂನಿವರ್ಸಿಟಿಗೂ ಓಡಾಡಿಸಿದೆ, ಪಾಪ.

ಟೀಸ್ ಅನ್ನುವ ನರ್ಸಿಂಗ್ ಪ್ರವೇಶ ಪರೀಕ್ಷೆಯನ್ನು ಬೇಸಿಗೆಯಲ್ಲೇ ಬರೆದು ಮುಗಿಸಿದ್ದೆ. 170 ಪ್ರಶ್ನೆ, 209 ನಿಮಿಷ. ಓದಿ ಅರ್ಥ ಮಾಡಿಕೊಳ್ಳುವುದು, ಗಣಿತ, ವಿಜ್ಞಾನ, ಇಂಗ್ಲಿಷ್ ಅಂತ ನಾಲ್ಕು ಭಾಗ. ನಮ್ಮ ಪಿಯುಸಿ ಗಣಿತ ಬಂದವರಿಗೆ ಗಣಿತದ ಭಾಗ ಏನೂ ಕಷ್ಟವಿಲ್ಲ. ಅನಾಟಮಿ, ಫಿಸಿಯಾಲಜಿ ಮುಗಿದ ತಕ್ಷಣ ಬರೆದರೆ ವಿಜ್ಞಾನಕ್ಕೂ ಹೊಸದಾಗಿ ಓದುವುದು ಜಾಸ್ತಿ ಇರುವುದಿಲ್ಲ. ಸೀಟು ಕೊಡುವಾಗ ಟೀಸ್ ಅಂಕ, ಮೊದಲೇ ಮುಗಿಸಿರಬೇಕಾದ ಪ್ರಿರಿಕ್ವಿಸಿಟ್ ಕೋರ್ಸ್‌ಗಳ ಜಿಪಿಎ (ಗ್ರೇಡ್ ಸರಾಸರಿ) ಎಲ್ಲ ಸೇರಿಸಿ ಲೆಕ್ಕ ಹಾಕುತ್ತಾರೆ. ಕನಿಷ್ಠ ಗ್ರೇಡ್ ಸಿ ಅಂತ ಬರೆದಿದ್ದರೂ ಸೀಟು ಸಿಗುವವರ ಗ್ರೇಡ್ ಅದಕ್ಕಿಂತ ತುಂಬಾ ಮೇಲಿರುತ್ತದೆ. ಸುತ್ತಲಿನ ಪ್ರದೇಶದವರಿಗೆ ಆದ್ಯತೆ ಕೊಡುವ ಕ್ಯಾಂಪಸ್‌ಗಳಿವೆ. ಇಂಗ್ಲಿಷ್ ಜೊತೆ ಇನ್ನೊಂದು ಭಾಷೆ ಬಲ್ಲವರಿಗೆ ಅಂಕ ಕೊಡುವ ಕಡೆಗಳೂ ಇವೆ. ಕನ್ನಡವೂ ಒಂದು ಭಾಷೆಯೇ, ಆ ಜಾಗವನ್ನು ಖಾಲಿ ಬಿಡಬೇಡಿ. ಯಾವ ರೀತಿಯ ಪುರಾವೆ ಒಪ್ಪುತ್ತಾರೆ ಅಂತ ಬರೆದು ಕೇಳಿ. ಇಲ್ಲಿ ಮಕ್ಕಳ ಮನೆಗೆ ಬಂದು ಆರು ತಿಂಗಳಿರುವ ನಮ್ಮ ಅಪ್ಪ ಅಮ್ಮಂದಿರು ಆಸ್ಪತ್ರೆಗೆ ಸೇರಿದಾಗ ಫೋನಿನಲ್ಲಿ ದುಭಾಷಿ ಸಿಗಬಹುದು. ಪಕ್ಕದಲ್ಲಿ ನಿಂತು ಕನ್ನಡ ಮಾತಾಡುವ ನರ್ಸ್ ಸಿಕ್ಕರೆ ಅವರಿಗೆ ಎಷ್ಟು ಧೈರ್ಯ!

ವಸಂತದಲ್ಲಿ ಉತ್ತರಗಳು ಬಂದವು. ಒಂದು ಕ್ಯಾಂಪಸ್ ಯೂನಿವರ್ಸಿಟಿಗೆ ಬಾ, ನರ್ಸಿಂಗ್‌ಗೆ ಬೇಡ ಅಂದಿತು. ಬೇರೆ ಮೇಜರ್‌ನಲ್ಲಿ (ಮುಖ್ಯ ವಿಷಯದಲ್ಲಿ) ಸೇರಿ ಆಮೇಲೆ ನರ್ಸಿಂಗ್‌ಗೆ ಬದಲಾಯಿಸಿಕೊಳ್ಳೋಣ ಅಂತ ಎಷ್ಟೋ ಜನ ಇಂಥ ಸೀಟನ್ನು ಒಪ್ಪಿಕೊಳ್ಳುತ್ತಾರೆ. ಆ ಬದಲಾವಣೆಗೆ ಅವಕಾಶವೇ ಇಲ್ಲದ ಕ್ಯಾಂಪಸ್‌ಗಳಿವೆ. ನಾನು ಒಪ್ಪಲಿಲ್ಲ. ಇನ್ನೊಂದು ಕಡೆ ವೇಟ್‌ಲಿಸ್ಟ್. ಕೊನೆಗೆ ಮನೆಯಿಂದ ಹೋಗಿ ಬರಬಹುದಾದ ಕ್ಯಾಂಪಸ್‌ನಿಂದಲೇ ನರ್ಸಿಂಗ್ ಸೀಟು ಬಂತು. ಅತ್ತೆ ಅವತ್ತು ಕಾಯಿ ಹೋಳಿಗೆ ಮಾಡಿದರು. ಚಿಕ್ಕಮ್ಮನೂ ಫೋನ್ ಮಾಡಿ, ತನ್ನ ಮಗಳ ಪಿಯುಸಿ ಆದ ಮೇಲೆ ನರ್ಸಿಂಗ್ ಹೇಗೆ ಅಂತ ಕೇಳಿದಳು.

ಸೀಟು ಬಂದ ಮೇಲೂ ಕಾಗದದ ಕೆಲಸ ಮುಗಿಯುವುದಿಲ್ಲ. ಬೆರಳಚ್ಚು, ಹಿನ್ನೆಲೆ ತಪಾಸಣೆ, ಬಿಎಲ್‌ಎಸ್ (ತುರ್ತಿನಲ್ಲಿ ಜೀವ ಉಳಿಸುವ ತರಬೇತಿ) ಕಾರ್ಡ್, ಲಸಿಕೆಗಳ ದಾಖಲೆ. ನಮ್ಮಂಥವರಿಗೆ ಇಲ್ಲಿ ಒಂದು ವಿಶೇಷ ತೊಡಕಿದೆ. ನಮಗೆ ಹುಟ್ಟಿದಾಗಲೇ ಬಿಸಿಜಿ ಹಾಕಿರುತ್ತಾರೆ. ಅದರಿಂದ ಇಲ್ಲಿನ ಕ್ಷಯದ ಚರ್ಮದ ಪರೀಕ್ಷೆ ಕಾಯಿಲೆ ಇಲ್ಲದಿದ್ದರೂ ಪಾಸಿಟಿವ್ ತೋರಿಸಬಹುದು. ರಕ್ತ ಪರೀಕ್ಷೆಗೆ ಈ ತೊಂದರೆ ಇಲ್ಲ, ಮೊದಲೇ ಕೇಳಿ ಅದನ್ನೇ ಮಾಡಿಸಿಕೊಳ್ಳಿ. ದಡಾರ, ಚಿಕನ್‌ಪಾಕ್ಸ್, ಹೆಪಟೈಟಿಸ್ ಬಿ ಇವುಗಳಿಗೆ ಮೈಯಲ್ಲಿ ಪ್ರತಿರೋಧ ಇದೆಯಾ ಅಂತಲೂ ರಕ್ತ ಪರೀಕ್ಷೆಯಲ್ಲೇ ನೋಡುತ್ತಾರೆ. ಹೆಪಟೈಟಿಸ್ ಬಿಗೆ ಪ್ರತಿರೋಧ ಇಲ್ಲದಿದ್ದರೆ, ಲಸಿಕೆಯ ಸಾಮಾನ್ಯವಾಗಿ ಕೊಡುವ ಮೂರು ಡೋಸ್ ಮುಗಿಯಲು ಆರು ತಿಂಗಳು ಬೇಕು. ಸೀಟು ಬಂದ ಮೇಲೆ ಶುರು ಮಾಡಿದರೆ ಕ್ಲಿನಿಕಲ್, ಅಂದರೆ ಆಸ್ಪತ್ರೆಯಲ್ಲಿನ ತರಬೇತಿ ಶುರುವಾಗುವುದರೊಳಗೆ ಮುಗಿಯುವುದು ಕಷ್ಟ. ಅರ್ಜಿ ಹಾಕುವ ವರ್ಷವೇ ಡಾಕ್ಟರ ಹತ್ತಿರ ಹೋಗಿ ಇದನ್ನು ಪರೀಕ್ಷಿಸಿಕೊಂಡುಬಿಡಿ. ಚಿಕ್ಕಂದಿನ ಲಸಿಕೆ ಕಾರ್ಡ್ ಊರಿನ ಮನೆಯಲ್ಲಿದ್ದರೆ ಈಗಲೇ ಫೋಟೋ ತೆಗೆಸಿ ತರಿಸಿಕೊಳ್ಳಿ.